ಟಾರ್ಚ್ ಹಿಡಿಯುವ ಕೆಲಸ

ಕೃಷ್ಣಸ್ವಾಮಿಯವರ ಬಲಗೈ ಮೊಣಕೈವರೆಗೆ ಹೋಗಿ ಅಲ್ಲೇ ನಿಂತಿತು. ಮುಂದಕ್ಕೆ ತಳ್ಳಿದರೆ ಚರ್ಮ ತರಚುತ್ತಿತ್ತು, ಹಿಂದಕ್ಕೆ ಎಳೆದರೆ ಸ್ವೆಟರ್ ಸಿಕ್ಕಿಕೊಳ್ಳುತ್ತಿತ್ತು. ಮೋಟರ್‌ಹೋಮ್ ಎಂಬ ಆ ಮನೆಗಾಡಿಯ ನೆಲದ ಮೇಲೆ ಬೋರಲು ಮಲಗಿದ್ದ ಅವರ ಕೆನ್ನೆ ಫ್ರಿಜ್ಜಿಗೆ ಒತ್ತಿಕೊಂಡಿತ್ತು. ಕೆಟ್ಟ ಹೀಟರ್ ಇದ್ದದ್ದು ಆ ಫ್ರಿಜ್ಜಿನ ಅಡಿಯಲ್ಲಿ, ನೀರಿನ ಪೈಪುಗಳ ಹಿಂದೆ.

"ಭಾನು, ಟಾರ್ಚ್ ಸರಿಯಾಗಿ ಹಿಡಿ. ನನ್ನ ಕೈ ಮೇಲಲ್ಲ, ಅದರಾಚೆ."

"ಅದರಾಚೆ ಬೆಳಕು ಹೋಗಕ್ಕೆ ನಿಮ್ಮ ಕೈಯೇ ಅಡ್ಡ ಇದ್ಯಲ್ರೀ" ಎಂದರು ಭಾನುಮತಿ.

ಓಲ್ಡ್ ಬ್ರಿಡ್ಜ್ ಊರಿನ ಅವರ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ನಿಂತಿದ್ದ ಗಾಡಿಯ ಸುತ್ತ ನವೆಂಬರಿನ ಗಾಳಿ ತರಗೆಲೆ ಎಬ್ಬಿಸುತ್ತಿತ್ತು. ಗಾಡಿ ಕೊಳ್ಳಲು ಹನ್ನೊಂದಕ್ಕೆ ಒಬ್ಬ ಹುಡುಗಿ ಬರುವವಳಿದ್ದಳು. ಮಾರಿಬಿಡಿ ಎಂದು ಹಟ ಹಿಡಿದವರು ಭಾನುಮತಿಯೇ. ರಿಟೈರ್ ಆದ ವಾರವೇ ಗಂಡ ಒಂದು ಮಾತೂ ಕೇಳದೆ ಈ ಹಳೇ ಗಾಡಿಯನ್ನು ತಂದು ನಿಲ್ಲಿಸಿದ್ದರು. ಹೋದ ತಿಂಗಳು ಕ್ಯಾಟ್ಸ್‌ಕಿಲ್ ಬೆಟ್ಟದಲ್ಲಿ ಹೀಟರ್ ಕೈಕೊಟ್ಟು, ಇಬ್ಬರೂ ಇದ್ದಬದ್ದ ಕೋಟುಗಳನ್ನೆಲ್ಲ ಹೊದ್ದು ನಡುಗುತ್ತ ಕೂತ ಮೇಲೆ, ಇನ್ನು ತಾವು ಇದನ್ನು ಹತ್ತುವುದಿಲ್ಲ ಎಂದುಬಿಟ್ಟರು. ಕೃಷ್ಣಸ್ವಾಮಿ ವಾದ ಮಾಡಲಿಲ್ಲ. ಕೆಟ್ಟದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಬೇಡ, ಸರಿ ಮಾಡಿಯೇ ಕೊಡೋಣ ಎಂದಷ್ಟೇ ಹೇಳಿದರು. ರಿಪೇರಿಯವರನ್ನು ಕೇಳಿದರೆ ಮೂರು ವಾರ ಬಿಟ್ಟು ಬನ್ನಿ ಎಂದಿದ್ದರು.

ಕೃಷ್ಣಸ್ವಾಮಿ ಕೈಯನ್ನು ಹೊರಗೆಳೆದು ಎದ್ದು ಕೂತರು. ಮುಂಗೈಯಲ್ಲಿ ಎರಡು ಕಡೆ ರಕ್ತ ಒಸರುತ್ತಿತ್ತು. "ಫ್ಯಾನ್ ತಿರುಗತ್ತೆ, ಬೆಂಕಿ ಹತ್ತಲ್ಲ. ಒಳಗಡೆ ಒಂದು ಪುಟ್ಟ ತಗಡಿನ ರೆಕ್ಕೆ ಇದೆ. ಗಾಳಿಗೆ ಅದು ಅಲುಗಿದ್ರೆ ಮಾತ್ರ ಉರಿ ಹತ್ಕೊಳ್ಳೋದು. ಅದಕ್ಕೇನೋ ಸಿಕ್ಕಿಕೊಂಡಿದೆ." ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. "ನನ್ನ ಕೈಲಾಗಲ್ಲ ಭಾನು."

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಲ್ಲಿ, ಮಿಕ್ಸಿ, ಕಾರು, ಕೊನೆಗೆ ಚಾವಣಿಯವರೆಗೆ ಏನು ಕೆಟ್ಟರೂ ಈ ಮನುಷ್ಯ ಆ ಮಾತು ಆಡಿದವರಲ್ಲ. ಭಾನುಮತಿ ಟಾರ್ಚನ್ನು ಅವರ ಕೈಗೆ ಕೊಟ್ಟರು.

"ಸ್ವಲ್ಪ ಸರ್ಕೊಳ್ಳಿ. ಗ್ಯಾಸು, ಬ್ಯಾಟರಿ ಎರಡೂ ಆಫ್ ಮಾಡಿದೀರಾ?"

"ಬೆಳಗ್ಗೇನೇ. ಯಾಕೆ?"

ಭಾನುಮತಿ ಬಳೆ ತೆಗೆದು ಸಿಂಕಿನ ಪಕ್ಕ ಇಟ್ಟರು. ತೋಳಿನ ಬಟ್ಟೆ ಮೇಲಕ್ಕೆ ಮಡಿಚಿ, ಪಾತ್ರೆ ತೊಳೆಯುವ ಸೋಪನ್ನು ಭುಜದವರೆಗೂ ಬಳಿದುಕೊಂಡು ನೆಲದ ಮೇಲೆ ಮಲಗಿದರು. ಸಣ್ಣ ಕೈ ಪೈಪುಗಳ ನಡುವೆ ನುಣ್ಣಗೆ ಜಾರಿತು. ಕೃಷ್ಣಸ್ವಾಮಿ ಟಾರ್ಚ್ ಹಿಡಿದರು. ಬೆಳಕು ಮೊದಲು ಹೆಂಡತಿಯ ಕಿವಿಯ ಮೇಲೆ ಬಿತ್ತು, ಆಮೇಲೆ ಫ್ರಿಜ್ಜಿನ ಬಾಗಿಲ ಮೇಲೆ.

"ಸರಿಯಾಗಿ ಹಿಡೀರೀ!"

ಅಷ್ಟು ವರ್ಷಗಳಲ್ಲಿ ಆ ಮಾತು ಮೊದಲ ಬಾರಿಗೆ ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ಅದು ಇಬ್ಬರಿಗೂ ಹೊಳೆಯಿತು. ಕೃಷ್ಣಸ್ವಾಮಿ ಸುಮ್ಮನೆ ಕೆಮ್ಮಿದರು. ಭಾನುಮತಿಯವರ ಬೆನ್ನು ನಗುವಿಗೆ ಕುಲುಕಿತು.

"ಬೇಡ ಬಿಡಿ, ಟಾರ್ಚ್ ಆರಿಸಿ. ಇದು ಕಣ್ಣಿಂದ ಆಗೋ ಕೆಲಸ ಅಲ್ಲ."

ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ರಕ್ತ ತೆಗೆದ ಬೆರಳುಗಳವು. ಬೇರೆ ಯಾರ ಕೈಗೂ ನರ ಸಿಗದ ಹಸುಗೂಸುಗಳನ್ನು ಕೊನೆಗೆ ಅವರ ಹತ್ತಿರವೇ ತರುತ್ತಿದ್ದರು. ಭಾನುಮತಿ ಕಣ್ಣು ಮುಚ್ಚಿದರು. "ಇದು ಸ್ಕ್ರೂ... ಇದು ವೈರು... ಹಾಂ."

"ಸಿಕ್ತಾ?"

"ಮಾತಾಡ್ಬೇಡಿ. ತೆಳ್ಳಗೆ, ಉಗುರಿನ ಥರ ಇದೆ. ಮೆತ್ತಗೆ ಏನೋ ಸುತ್ಕೊಂಡಿದೆ."

ನಿಧಾನವಾಗಿ, ತುಂಡಾಗದಂತೆ ಬಿಡಿಸಿ, ಕೈ ಹೊರಗೆ ತಂದು ಅಂಗೈ ತೆರೆದರು. ಹೆಬ್ಬೆರಳ ಗಾತ್ರದ ಬೂದು ಬಣ್ಣದ ಉಂಡೆ. ಗಾಡಿಯ ಹಿಂದಿನ ಮಾಲೀಕರು ಸಾಕಿದ್ದ ನಾಯಿಯ ಕೂದಲು.

"ಇಷ್ಟೇನಾ?" ಎಂದರು ಕೃಷ್ಣಸ್ವಾಮಿ.

"ಇಷ್ಟೇ. ಆನ್ ಮಾಡಿ ನೋಡೋಣ."

ಗ್ಯಾಸು ತಿರುಗಿಸಿದರು, ಬ್ಯಾಟರಿ ಜೋಡಿಸಿದರು. ಫ್ಯಾನ್ ಗುಂಯ್‌ಗುಟ್ಟಿತು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಟಿಕ್, ಟಿಕ್, ಟಿಕ್. ಆಮೇಲೆ ಒಳಗೆಲ್ಲೋ ಭುಸ್ ಎಂದಿತು. ನೆಲದ ಜಾಲರಿಯಿಂದ ಬೆಚ್ಚನೆಯ ಗಾಳಿ ಎದ್ದು ಭಾನುಮತಿಯವರ ಪಾದಕ್ಕೆ ತಾಗಿತು.

"ಬಂತೂ!" ಅವರು ಕೂಗಿದ ರಭಸಕ್ಕೆ ಪಕ್ಕದ ಮನೆಯ ಜರ್ಮನ್ ಮುದುಕ ಎಲೆ ಗುಡಿಸುವುದು ಬಿಟ್ಟು ಇತ್ತ ತಿರುಗಿದ. ಕೃಷ್ಣಸ್ವಾಮಿ ಕೂತಲ್ಲೇ ಚಪ್ಪಾಳೆ ತಟ್ಟಿದರು.

"ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ."

ಮೂರು ಸಲ ಮಾಡಿದರು. ಪ್ರತಿ ಸಲ ಭುಸ್ ಎಂದಾಗಲೂ ಭಾನುಮತಿ ಹುಡುಗಿಯ ಹಾಗೆ ನಕ್ಕರು. ಆಮೇಲೆ ಗಾಡಿಯ ಒಳಗನ್ನೆಲ್ಲ ಈಗಷ್ಟೇ ಕಂಡವರಂತೆ ಸುತ್ತ ನೋಡಿ ಕೇಳಿದರು: "ರೀ, ಆ ನೀರಿನ ಪಂಪು ಗಡಗಡ ಅನ್ನತ್ತಲ್ಲ, ಅದು ಎಲ್ಲಿದೆ?"

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ವುಡ್‌ಬ್ರಿಡ್ಜಿನಿಂದ ಬಂದಿದ್ದ ರಕ್ಷಾ ಚಳಿಗೆ ಕೆಂಪಾದ ಮೂಗಿನೊಂದಿಗೆ ಮೆಟ್ಟಿಲ ಮೇಲೆ ನಿಂತಿದ್ದಳು. "ನಮಸ್ತೆ ಅಂಕಲ್, ಗಾಡಿ ನೋಡೋಕೆ ಬಂದೆ. ಫೋನಲ್ಲಿ ಹೇಳಿದ್ರಲ್ಲ ಹೀಟರ್ ಪ್ರಾಬ್ಲಮ್, ಈಸ್ ಇಟ್ ಫಿಕ್ಸ್‌ಡ್?"

ಕೃಷ್ಣಸ್ವಾಮಿ ಹೆಂಡತಿಯ ಕಡೆ ತಿರುಗಿದರು. ತಲೆಗೂದಲಲ್ಲಿ ಧೂಳು, ಭುಜದವರೆಗೆ ಸೋಪಿನ ನೊರೆ. ಭಾನುಮತಿ ಜಾಲರಿಯ ಮೇಲಿಂದ ಕಾಲು ತೆಗೆಯಲೇ ಇಲ್ಲ.

"ಹೀಟರ್ ಫಸ್ಟ್‌ಕ್ಲಾಸಾಗಿದೆಯಮ್ಮಾ, ಗಾಡಿ ಮಾತ್ರ ಮಾರಲ್ಲ. ಪಾಪ, ಈ ಚಳೀಲಿ ಬಂದಿದೀಯ, ಒಳಗೆ ಬಾ, ಕಾಫಿ ಕುಡ್ಕೊಂಡು ಹೋಗು. ಬಾಗಿಲು ಬೇಗ ಹಾಕು, ನಾನು ರಿಪೇರಿ ಮಾಡಿದ ಬಿಸಿಯೆಲ್ಲ ಆಚೆ ಹೋಗ್ತಾ ಇದೆ."