ಹಸಿ ಗಾರೆಯ ಮುಂದೆ

ಹಸಿ ಗಾರೆ ಕೇಳಿದ ಮಾತನ್ನು ಮರೆಯುವುದಿಲ್ಲ. ಒಣಗಿದ ಮೇಲೆ ನೀರು ತಾಗಿದಾಗಲೆಲ್ಲ ಅದನ್ನೇ ಆಡುತ್ತದೆ. ಅದಕ್ಕೇ ಹಳೇ ಕೋರ್ಟಿನ ಮುಂಭಾಗಕ್ಕೆ ಹೊಸ ಗಾರೆ ಬಳಿಯುವವರೆಲ್ಲ ಎಂದಿನಂತೆ ಬಾಯಿಗೆ ಬಟ್ಟೆ ಕಟ್ಟಿದ್ದರು.

ಬಟ್ಟೆಯೊಳಗೆ ಮೇಸ್ತ್ರಿ ಮುದುಕಪ್ಪನ ದವಡೆ ಅಲುಗುತ್ತಿತ್ತು. ಕದ್ದು ತನ್ನ ಹೆಸರನ್ನು ಗೋಡೆಗೆ ಉಸುರುತ್ತಿದ್ದಾನೆಂದು ಎಂಜಿನಿಯರ್ ಇಂದುಧರನಿಗೆ ಅನುಮಾನ. ಸನ್ನೆ ಮಾಡಿ ಅವನನ್ನು ಗೇಟಿನಾಚೆ ಕರೆದ.

“ಎಲಿ ಅಡಿಕಿ ಜಗಿಯಾಕತ್ತಿದ್ನಿರಿ, ಸಾಹೇಬ್ರ,” ಎಂದು ಮುದುಕಪ್ಪ ಅಲ್ಲೇ ಉಗುಳಿ ತೋರಿಸಿದ.

ಇಂದುಧರ ನಂಬಲಿಲ್ಲ. ಸಿಟ್ಟಿನಲ್ಲೇ ಒಳಬಂದು, ಗೋಡೆಯ ಪಕ್ಕ ನಿಂತಿದ್ದ ಕಾವಲುಗಾರನಿಗೆ ಮುದುಕಪ್ಪನನ್ನು ತೋರಿಸಿ, ತನ್ನ ಬಾಯಿಯ ಬಟ್ಟೆ ಸರಿಸಿ ಏನೋ ಪಿಸುಗುಟ್ಟಿದ.

ಉದ್ಘಾಟನೆಯ ದಿನ ಮಳೆ ಹನಿಯಿತು. ಜಡ್ಜ್ ಸಾಹೇಬರು ಮೆಟ್ಟಿಲು ಹತ್ತುತ್ತಿದ್ದಂತೆ ಗೋಡೆ ಇಂದುಧರನ ದನಿಯಲ್ಲಿ ಹೇಳಿತು:

“ಇವಾ ಕಳ್ಳ ಅದಾನ. ಇವನ ಮ್ಯಾಲ ಒಂದ್ ಕಣ್ಣಿಡು.”