ಮುಚ್ಚಳ ಹಾಕಿದ್ದೆ

ಮೊಮ್ಮಗಳು ಉಗುರಿನ ಬಣ್ಣ ಅಳಿಸಲು ಬಾಟಲಿ ತೆರೆದರೆ ನಾನು ಎದ್ದು ಹೋಗಿ ಗ್ಯಾಸ್ ಆರಿಸುತ್ತೇನೆ. ಆ ವಾಸನೆ ನನಗೆ ಗೊತ್ತು.

ಆಗ ನಾನು ಸಾಲಿಯಲ್ಲಿ ಮೂರನೆಯ ಇಯತ್ತೆ. ಕಾಲೇಜಿನ ತನಕ ಓದುತ್ತೇನೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ನೇಯ್ದ ಸೀರೆಯ ಸೆರಗಿಗೆ ಎಣ್ಣೆ ತಾಗಿತ್ತು. ಬಾಗಲಕೋಟೆಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಕಾಕಾ ಕಲೆ ತೆಗೆಯಲು ಒಂದು ಬಾಟಲಿ ಅಸಿಟೋನ್ ತಂದಿದ್ದ; ಅದೇ ವಾಸನೆ. ನೀರಿನಂತೆಯೇ ಇತ್ತು, ಬೆರಳಿಗೆ ತಣ್ಣಗೆ ತಾಗಿ, ನೋಡನೋಡುತ್ತ ಆರಿಹೋಗುತ್ತಿತ್ತು.

"ಮುಚ್ಚಳ ಗಟ್ಟಿ ಹಾಕವಾ. ಇದರ ಆವಿ ಕಣ್ಣಿಗಿ ಕಾಣಂಗಿಲ್ಲ, ನೆಲಾ ಹಿಡದು ಹರೀತೈತಿ. ದೂರ ಕಿಡಿ ಇದ್ರೂ ಹುಡುಕ್ಕೊಂಡು ಹೊಕ್ಕೈತಿ," ಎಂದ.

ನಾನು ಗಟ್ಟಿಯಾಗಿ ತಿರುವಿದೆ. ಅವನು ಅಸಿಟೋನ್ ಹಚ್ಚಿ ಒದ್ದೆಯಾದ ಸೆರಗನ್ನು ನೆಲದ ಮೇಲೆ ಹರವಿ, ಹೊಸ್ತಿಲಲ್ಲಿ ಕೂತು ಬೀಡಿ ಹಚ್ಚಿದ. ಬೆಂಕಿ ನೆಲದ ಮೇಲೆ ಓಡಿ ಬಂದು ಸೀರೆ ಹಿಡಿಯಿತು. ಮಗ್ಗದಲ್ಲಿ ಕೂತು ನೋಡುತ್ತಿದ್ದ ಅವ್ವ ಎದ್ದು ಹೊದೆಯುವ ಕೌದಿಯನ್ನು ಬೆಂಕಿಯ ಮೇಲೆ ಎಸೆದು ಆರಿಸಿದಳು.

ಅಪ್ಪ ಬಂದ.

"ಈಕಿ ಬಾಟ್ಲಿ ತಗದು ಒಲಿ ಹತ್ರ ಒಯ್ದಳಣ್ಣಾ," ಎಂದ ಕಾಕಾ.

ನಾನು ಅವ್ವನ ಮುಖ ನೋಡಿದೆ. ಅವಳು ತಿರುಗಿ ಮಗ್ಗದ ಗುಂಡಿಗೆ ಇಳಿದಳು.

"ಸಾಲಿಗಿ ಹೋಗಿ ಇದನ್ನ ಕಲತೇನು? ನಾಳಿಂದ ಮನ್ಯಾಗ ಕೂತು ನೂಲು ಸುತ್ತು," ಎಂದ ಅಪ್ಪ.

ಬಾಟಲಿ ಮೂಲೆಯಲ್ಲಿತ್ತು. ಮುಚ್ಚಳ ನಾನು ತಿರುವಿದ ಹಾಗೇ ಇತ್ತು. ಯಾರೂ ನೋಡಲಿಲ್ಲ.

ಗಂಡಸರು ಹೊರಗೆ ಹೋದ ಮೇಲೆ ಕೇಳಿದೆ, "ನೀ ನೋಡಿದಿ ಅಲ್ಲಬೇ?"

"ನೋಡೀನಿ. ಅಂವ ರೊಕ್ಕ ಗಳಸಾಂವ, ನಾ ಏನ್ ಅನ್ಲಿ?" ಎಂದಳು ಅವ್ವ. "ನಿಂದೇನ್ ಹೋತು? ಸಾಲಿ ಅಷ್ಟ ಹೌದಿಲ್ಲೋ."