ಮುಂದಿನ ವಾರದಿಂದ ತಂದ ಸುದ್ದಿ

ಕೆಂಪು ಬಾಳೆಯನ್ನು ಬಣ್ಣ ನೋಡಿ ಕೊಳ್ಳಬೇಡಿ, ಮೂಸಿ ನೋಡಿ ಕೊಳ್ಳಿ. ಇವತ್ತು ಸೇಡಂ ರಸ್ತೆಯ ಬಂಡಿಯ ಮುಂದೆ ಹಾಗೆ ಮೂಸಿದೆ, ನನ್ನ ಚೌಕಾಸಿ ಅರ್ಧಕ್ಕೇ ನಿಂತುಹೋಯಿತು.

ನಾನು ಚಿಕ್ಕವಳಿದ್ದಾಗ ಕಮಲಾಪುರದಲ್ಲಿ ನಮ್ಮ ಅಜ್ಜಿ, ಅಂದರೆ ಆಯಿ, ಇದೇ ವಾಸನೆಯ ಕತ್ತಲೆ ಕೋಣೆಯಲ್ಲಿ ಹುಲ್ಲು ಹೊದಿಸಿ ಬಾಳೆಕಾಯಿ ಹಣ್ಣು ಮಾಡುತ್ತಿದ್ದಳು. ಆಗ ಅವ್ವ ಕಲಬುರಗಿಯ ಆಸ್ಪತ್ರೆಯಲ್ಲಿದ್ದಳು. ಯಾವಾಗ ಬರುತ್ತಾಳೆಂದು ಕೇಳಿದರೆ ದೊಡ್ಡವರೆಲ್ಲ ಮಾತು ಬದಲಿಸುತ್ತಿದ್ದರು.

"ಈ ಖೋಲಿಯೊಳಗ ದಿನ ಲಗೂ ಓಡ್ತಾವ," ಅಂದಳು ಆಯಿ ಒಂದು ಮಧ್ಯಾಹ್ನ. "ಕಾಯಿ ಒಳಗ ಹೋಗಿ ಹಣ್ಣಾಗಿ ಬರ್ತಾವ."

"ಹಂಗಾರ ನಾನೂ ಮುಂದಿನ ವಾರಕ್ಕ ಹೋಗ್ತೀನಿ."

"ಹೋಗು. ಅಲ್ಲೇ ಉಳೀಬ್ಯಾಡ ಮತ್ತ. ಇಲ್ಲಿ ನನಗ ಯಾರದಾರ?"

ಬೆಚ್ಚಗಿನ ಸಿಹಿ ಕತ್ತಲಲ್ಲಿ ಕಣ್ಣು ಮುಚ್ಚಿ ಕುಳಿತೆ. ಹೊರಗೆ ಬಂದಾಗ ಕೂದಲ ತುಂಬ ಹುಲ್ಲು.

"ಏನ್ ನೋಡಿ ಬಂದಿ?"

"ಅವ್ವ ಬಂದಾಳ. ಕಟ್ಟಿ ಮ್ಯಾಲ ಕುಂತು ನಿನಗ ಹಣ್ಣು ಸುಲದು ಕೊಡಾಕತ್ತಾಳ."

ನನ್ನ ಕೂದಲ ಹುಲ್ಲು ಹೆಕ್ಕುತ್ತಿದ್ದ ಆಯಿಯ ಕೈ ಅಲ್ಲೇ ನಿಂತಿತು.

ಮರುದಿನ ವ್ಯಾಪಾರಿ ಬಂದು ಎಲ್ಲ ಒಯ್ದ. ದುಪ್ಪಟ್ಟು ಕೊಡುತ್ತೇನೆಂದರೂ ಒಂದು ಚಿಪ್ಪನ್ನು ಮಾತ್ರ ಆಯಿ ಬಿಡಲಿಲ್ಲ.

"ಅದನ್ನ ಮುಂದಿನ ವಾರ ತಿಂದು ಮುಗಿಸೀವ್ರಿ," ಅಂದಳು. ಅವನು ಉಳಿದ ಹಣ್ಣಿಗಷ್ಟೇ ದುಡ್ಡು ಎಣಿಸಿ ಕೊಟ್ಟ.

ವಾರ ಕಳೆದು ಅವ್ವ ಬಂದಳು, ತೀರಾ ಸೊರಗಿದ್ದಳು. ಕಟ್ಟೆಯ ಮೇಲೆ ಕೂತು, ಯಾರೂ ಹೇಳದೆಯೇ ಆ ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಸುಲಿದು ಆಯಿಯತ್ತ ಚಾಚಿದಳು.

ಆಯಿ ಅದನ್ನು ತಿನ್ನದೆ ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಾಗಿದಳು.

"ಮುಂದಿನ ವರ್ಷಕ್ಕೂ ಒಮ್ಮೆ ಹೋಗಿ ಬಾರವ್ವ. ಹಿಂಗೇ ಕುಂತಿರ್ತಾಳ ಅಂತ ಹೇಳು."